ಯಪ್ಪಾ ಅನ್ನಬಾರದು

ನೋವಾದಾಗ ಮನುಷ್ಯ ಯಾರನ್ನು ಕರೆಯುತ್ತಾನೆ ಎಂಬುದರ ಮೇಲೆ ಒಂದು ಸರ್ಕಾರ ನಡೆಯಬಹುದೆಂದು ನಮ್ಮ ಹೊಳೆಸಾಲಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಕಲ್ಲು ಎಡವಿದರೆ ಕೆಲವರು ‘ಯವ್ವಾ’ ಅನ್ನುತ್ತಾರೆ, ಕೆಲವರು ‘ಯಪ್ಪಾ’ ಅನ್ನುತ್ತಾರೆ. ಏನೋ ಒಂದು ಅಂದು, ಕಲ್ಲಿಗೆ ನಾಲ್ಕು ಬೈದು ಮುಂದೆ ಹೋಗುವ ಜನ ನಾವು. ಯುದ್ಧ ಶುರುವಾದ ಮೇಲೆ ಅಷ್ಟು ಸಲೀಸಾಗಿ ಮುಂದೆ ಹೋಗುವುದು ಆಗಲಿಲ್ಲ.

ಯಂತ್ರ ಮಾಡಿದವನು ನಿಜಗುಣ ಕಮತರ, ಊರಿನ ಧ್ವನಿ ಸಂಶೋಧನಾಲಯದ ಎಂಜಿನಿಯರ್. ಅವನು ಅದನ್ನು ಮಾಡಿದ್ದು ಆಸ್ಪತ್ರೆಗಾಗಿ. ಲಕ್ವ ಹೊಡೆದು ಮಾತು ಹೋದವರು, ಇನ್ನೂ ಮಾತು ಬಾರದ ಕೂಸುಗಳು, ಇವರಿಗೆ ಎಷ್ಟು ನೋವಾಗುತ್ತಿದೆ ಎಂದು ನರ್ಸಿಗೆ ತಿಳಿಯಲಿ ಎಂಬುದಷ್ಟೇ ಅವನ ಆಸೆ. ನೋವು ತಾಗಿದ ಕೂಡಲೇ, ಮನಸ್ಸು ಯೋಚಿಸುವುದಕ್ಕಿಂತ ಮೊದಲೇ, ಗಂಟಲೂ ತುಟಿಯೂ ಒಂದು ಆಕಾರಕ್ಕೆ ಬಂದುಬಿಡುತ್ತವೆ. ಕೊರಳಿಗೆ ಕಟ್ಟಿದ ಪಟ್ಟಿ ಆ ಆಕಾರವನ್ನು ಹಿಡಿಯುತ್ತದೆ, ಪೆಟ್ಟಿಗೆ ಅದನ್ನು ಅಳೆಯುತ್ತದೆ. ಈ ಆಕಾರ ಗಟ್ಟಿಯಾಗುವುದು ಎಳೆತನದಲ್ಲಿ. ಅತ್ತಾಗ ಯಾರು ಓಡಿ ಬಂದು ಎತ್ತಿಕೊಂಡರೋ ಅವರೇ ಕೂಸಿನ ಗಂಟಲಲ್ಲಿ ಕೂತುಬಿಡುತ್ತಾರೆ.

ಇದನ್ನೆಲ್ಲ ಒಂದು ವರದಿಯಲ್ಲಿ ಬರೆದು ನಿಜಗುಣ ಕೊನೆಗೊಂದು ಅಡಿಟಿಪ್ಪಣಿ ಹಾಕಿದ. ಹಿರೇಹೊಳೆಯ ಈ ದಂಡೆಯವರು ಹೆಚ್ಚಾಗಿ ‘ಯವ್ವಾ’ ಎಂದು ಕೂಗುತ್ತಾರೆ, ಆಚೆದಂಡೆಯವರು ಹೆಚ್ಚಾಗಿ ‘ಯಪ್ಪಾ’ ಎನ್ನುತ್ತಾರೆ. ಆಚೆ ಹೆಂಗಸರು ಕಲ್ಲುಗಣಿಯ ಕೆಲಸಕ್ಕೆ ಹೋಗಿ, ಕೂಸುಗಳನ್ನು ಗಂಡಸರು ನೋಡಿಕೊಳ್ಳುವುದು ಇದಕ್ಕೆ ಕಾರಣ ಇರಬಹುದು. ‘ಹೆಚ್ಚಾಗಿ’ ಮತ್ತು ‘ಇರಬಹುದು’ ಎಂಬ ಮಾತುಗಳನ್ನು ಅವನು ಮರೆಯದೆ ಸೇರಿಸಿದ್ದ. ಓದುವವರಿಗೆ ಆ ಎರಡು ಮಾತು ಮಾತ್ರ ಕಾಣಲಿಲ್ಲ.

ಓದಿದವರು ಮೂಲಪಡೆಯವರು. ಯುದ್ಧಕ್ಕೆ ಮುಂಚೆ ಇವರು ಸಂತೆಯ ದಿನ ಕೇಸರಿ ಅಲ್ಲದ, ಹಸಿರೂ ಅಲ್ಲದ, ತಾವೇ ಕಂಡುಹಿಡಿದ ಒಂದು ಮಣ್ಣು ಬಣ್ಣದ ಅಂಗಿ ತೊಟ್ಟು ಮೆರವಣಿಗೆ ಹೊರಡುತ್ತಿದ್ದರು. ನಾವು ಚಹಾ ಕುಡಿಯುತ್ತಾ ನೋಡಿ ನಗುತ್ತಿದ್ದೆವು. ಆಚೆದಂಡೆ ಬೇರೆ ದೇಶವಾಗಿ, ಮೊದಲ ತೋಪು ಹಾರಿ, ಸಂತೆ ಮಾಳದ ಗಲಭೆಯಲ್ಲಿ ಹಳೆಯ ಸರ್ಕಾರ ಮುಗ್ಗರಿಸಿ ಬಿದ್ದಾಗ ನಮ್ಮ ನಗೆ ನಿಂತಿತು. ಅಂಗಿಯವರು ಕಚೇರಿಗಳಲ್ಲಿ ಕೂತರು. ಈ ದಂಡೆಯಲ್ಲಿ ಅಡಗಿರುವ ಆಚೆಯವರನ್ನು ಹುಡುಕಿ ತೆಗೆಯುತ್ತೇವೆ ಎಂದರು. ಮೂರು ತಲೆಮಾರಿನಿಂದ ಇಲ್ಲೇ ಹುಟ್ಟಿ, ಇಲ್ಲೇ ಸತ್ತು, ನಮ್ಮ ಮನೆಯ ಮದುವೆಗಳಲ್ಲಿ ಬಡಿಸಿದವರನ್ನು ಹುಡುಕುವುದು ಹೇಗೆ? ಮುಖ ಒಂದೇ, ಮಾತು ಒಂದೇ, ದೇವರು ಒಂದೇ. ಆಗ ಯಾರೋ ಅಡಿಟಿಪ್ಪಣಿ ತಂದು ತೋರಿಸಿದರು.

ಪೆಟ್ಟಿಗೆಗೆ ಸರ್ಕಾರ ದೊಡ್ಡದೊಂದು ಸಂಸ್ಕೃತ ಹೆಸರಿಟ್ಟಿತು. ಜನ ಅದನ್ನು ‘ಚೂಟುಪೆಟ್ಟಿಗೆ’ ಎಂದರು. ಕೊರಳಿಗೆ ಪಟ್ಟಿ, ಬೆರಳಿಗೊಂದು ಕರೆಂಟಿನ ಕ್ಲಿಪ್ಪು. ಚುರುಕ್ ಎಂದು ಕಚ್ಚಿದಾಗ ‘ಯವ್ವಾ’ ಎಂದರೆ ಹಸಿರು ದೀಪ. ‘ಯಪ್ಪಾ’ ಎಂದರೆ ಕೆಂಪು. ಕೆಂಪು ಬಂದವರನ್ನು ಸೇತುವೆಯ ಮೇಲೆ ಆಚೆಗೆ ನಡೆಸುತ್ತಿದ್ದರು. ಆಚೆಯ ಸೈನಿಕರು ಸೇತುವೆಯ ಮೇಲೆ ಯಾರು ಕಂಡರೂ ಗುಂಡು ಹಾರಿಸುತ್ತಿದ್ದರು. ನಾವು ಯಾರನ್ನೂ ಕೊಂದಿಲ್ಲ ಎಂದು ಮೂಲಪಡೆ ಹೇಳುತ್ತಿತ್ತು, ಅದು ಸುಳ್ಳಲ್ಲ ಎಂದು ನಾವೂ ತಲೆಯಾಡಿಸುತ್ತಿದ್ದೆವು. ನಮ್ಮಂಥ ಹೇಡಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜನ ಹೊಂದಿಕೊಂಡರು. ನಿವೃತ್ತ ಸಂಗೀತ ಟೀಚರ್ ಅಂಬುಜಾಬಾಯಿ ಪಡಸಾಲೆಯಲ್ಲಿ ಕೂಗಿನ ಕ್ಲಾಸು ತೆರೆದರು. ‘ಯ’ದ ಮೇಲೆ ಎಷ್ಟು ನಿಲ್ಲಬೇಕು, ‘ವ್ವಾ’ ಎಲ್ಲಿ ಏರಬೇಕು ಎಂದು ಹಾಡಿ ತೋರಿಸುತ್ತಿದ್ದರು. ಆ ಕೂಗಿನ ರೆಕಾರ್ಡು ಮೊಬೈಲಿನಿಂದ ಮೊಬೈಲಿಗೆ ಹರಿದು ಮನೆಮನೆ ಸೇರಿತು. ತಾಯಂದಿರು ಮಕ್ಕಳಿಗೆ ಅದನ್ನು ಕೇಳಿಸುತ್ತ ಚೂಟಿದರು. ಸಂಜೆಯಾದರೆ ಓಣಿಯ ತುಂಬ ಒಂದೇ ರಾಗದಲ್ಲಿ ‘ಯವ್ವಾ’ ಕೇಳುತ್ತಿತ್ತು.

ಶಾಲೆಗಳಲ್ಲೂ ಪರೀಕ್ಷೆ ಎಂಬ ಸುದ್ದಿಯನ್ನು ಸಂಶೋಧನಾಲಯಕ್ಕೆ ತಂದವನು ದಳಪತಿ ತೋಟೇಂದ್ರ. ಊರಿನ ಪೆಟ್ಟಿಗೆಗಳೆಲ್ಲ ಅವನ ಕೈಕೆಳಗೆ. ಮೊದಲು ಸೈಕಲ್ ಅಂಗಡಿ ಇಟ್ಟಿದ್ದ. ಈಗ ಸಂಶೋಧನಾಲಯದ ಮುಖ್ಯಸ್ಥೆ ಡಾ. ಜಾಲಿಹಾಳ ಅವರ ಕುರ್ಚಿಯಲ್ಲೇ ಕೂತ. ಅವರು ಎದ್ದು ನಿಂತರು.

“ದಳಪತಿಗಳ, ಇದು ಹೆಚ್ಚು ಕಡಿಮಿ ಲೆಕ್ಕರಿ,” ಎಂದ ನಿಜಗುಣ. “ಸಾವಿರಾರು ಮಂದೀನ್ನ ಒಟ್ಟಿಗೆ ನೋಡಿದ್ರ ಕಾಣ್ತದ. ಒಬ್ಬೊಬ್ಬರಿಗೆ ಹಚ್ಚಾಕ ಬರೂದಿಲ್ಲ. ಅದೂ ಸಣ್ಣ ಹುಡುಗ್ರಿಗೆ...”

“ಅವ್ವನ್ನ ಬಿಟ್ಟು ಅಪ್ಪನ್ನ ಕರಿಯೂ ಮಂದಿ ಎಂಥಾ ಮಂದಿರೀ? ನಮ್ಮದು ತಾಯಿನೆಲ. ತಾಯಿನ್ನ ಕರೀದವ ನಮ್ಮವ ಹೆಂಗ ಆಗ್ತಾನ?”

“ತಾಯಿ ಇಲ್ಲದ ಕೂಸು ಇರ್ತಾವಲ್ರಿ.”

ತೋಟೇಂದ್ರ ನಿಜವಾಗಿಯೂ ಮರುಕಪಟ್ಟವನಂತೆ ನಕ್ಕ. “ತಾಯಿ ಇಲ್ಲದವರು ಯಾರದಾರ್ರೀ ಈ ದೇಶದಾಗ? ಕೆಳಗ ನೆಲ ಇಲ್ಲೇನು?”

ಅವನು ಹೋದ ಮೇಲೆ ಡಾ. ಜಾಲಿಹಾಳ ಬಾಗಿಲು ಹಾಕಿದರು. “ವಾದ ಮಾಡಬ್ಯಾಡೋ ನಿಜಗುಣ. ಈರಣ್ಣನ ಗತಿ ನೋಡೀಯಲ್ಲ.” ಈರಣ್ಣ ಅವರಲ್ಲೇ ಕೆಲಸ ಮಾಡುತ್ತಿದ್ದವನು. ಹೆಂಡತಿಯ ಸರದಿ ಬಂದಾಗ ಪೆಟ್ಟಿಗೆಯ ತಂತಿ ಬದಲಿಸಿ ಹಸಿರು ಬರುವಂತೆ ಮಾಡಿದ್ದ. ಇಬ್ಬರನ್ನೂ ಒಟ್ಟಿಗೆ ಸೇತುವೆ ಹತ್ತಿಸಿದರು. ಆಮೇಲೆ ಪೆಟ್ಟಿಗೆಗಳಿಗೆಲ್ಲ ಸೀಲು ಬಿದ್ದು, ಅವುಗಳ ಕಾವಲು ಮೂಲಪಡೆಯ ಕೈಗೆ ಹೋಗಿತ್ತು.

“ನಮ್ಮ ಪಾರಿ,” ಎಂದ ನಿಜಗುಣ.

“ಗೊತ್ತದ,” ಎಂದರು ಡಾ. ಜಾಲಿಹಾಳ. “ಕಲಿಸು. ಬ್ಯಾರೇ ದಾರಿ ಇಲ್ಲ.”

ಪಾರಿ ಎಂದರೆ ಪಾರಿಜಾತ, ಅವನ ಒಬ್ಬಳೇ ಮಗಳು, ಶಾಲೆಯಲ್ಲಿ ಎರಡನೆಯ ಇಯತ್ತೆ. ಅವಳು ಹುಟ್ಟಿದ ದಿನವೇ ತಾಯಿ ಸುವರ್ಣಾ ರಕ್ತ ಹೋಗಿ ತೀರಿಕೊಂಡಿದ್ದಳು. ಕೂಸಿಗೆ ನೀರು ಎರೆದವನು, ತೊಟ್ಟಿಲು ತೂಗಿದವನು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಅಂಗಳ ಸುತ್ತಿದವನು ನಿಜಗುಣನೇ. ಮೊಣಕಾಲು ತರಚಿದರೆ ಅವಳು ‘ಯಪ್ಪಾ!’ ಎನ್ನುವುದು ಇಡೀ ಓಣಿಗೆ ಗೊತ್ತು. ‘ಪ್ಪಾ’ ಎನ್ನುವಾಗ ದನಿ ಒಡೆದು ಎರಡಾಗುತ್ತಿತ್ತು. ಜಾತ್ರೆಯಷ್ಟು ಮಂದಿಯಲ್ಲೂ ಆ ದನಿ ಹಿಡಿಯುತ್ತೇನೆ ಎಂದು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ, ಕೇಳಿದ ಕೂಡಲೇ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದ. ಅಂಥ ಸುಖ ಅವನಿಗೆ ಬೇರೆ ಇರಲಿಲ್ಲ.

ಆ ಸಂಜೆ ಅವಳನ್ನು ಮುಂದೆ ಕೂರಿಸಿಕೊಂಡು ತೋಳಿನ ಒಳಗಡೆ ಚೂಟಿದ.

“ಯಪ್ಪಾ!”

“ಹಂಗಲ್ಲ. ಯವ್ವಾ ಅನ್ನು.” ಮತ್ತೆ ಚೂಟಿದ.

“ಯಪ್ಪಾ! ಯಾಕ ಚೂಟ್ತೀ?”

“ಯವ್ವಾ ಅನ್ನಬೇಕವ್ವಾ. ಸಾಲ್ಯಾಗ ಪರೀಕ್ಷೆ ಅದ.”

ಪಾರಿ ಅಳುತ್ತಲೇ ಲೆಕ್ಕ ಹಾಕಿದಳು. “ಅವ್ವನ್ನ ಕರದ್ರ ಅಕೀ ಬರೂದಿಲ್ಲಲ್ಲ. ನೀ ಇಲ್ಲೇ ಅದೀ.”

“ಬರದಿದ್ರೂ ಕರಿ.”

ವಾರ ಕಳೆದರೂ ಪೆಟ್ಟಿಗೆ ಮೋಸ ಹೋಗುವಂಥ ಕೂಗು ಅವಳಿಗೆ ಬರಲಿಲ್ಲ. ಏಕೆ ಬರುತ್ತಿಲ್ಲ ಎಂದು ನಿಜಗುಣನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಚೂಟಿದ ಮೇಲೆ ಅವನು ತಡೆಯಲಾರದೆ ತಬ್ಬಿಕೊಳ್ಳುತ್ತಿದ್ದ, ಕೆಂಪಾದ ಜಾಗಕ್ಕೆ ಬಾಯಿಯಿಂದ ಗಾಳಿ ಊದುತ್ತಿದ್ದ. ಕರೆದರೆ ಅಪ್ಪ ಬರುತ್ತಾನೆ ಎಂದು ಗಂಟಲಿಗೆ ಮತ್ತೆ ಮತ್ತೆ ಅವನೇ ಕಲಿಸುತ್ತಿದ್ದ. ಬರುವುದನ್ನು ನಿಲ್ಲಿಸಬೇಕು. ‘ಯಪ್ಪಾ’ ಎಂದರೆ ನೋವು ಹೆಚ್ಚಾಗಬೇಕು. ಗಂಟಲು ಅಪ್ಪನನ್ನು ಉಗುಳಬೇಕು. ಬೇರೆ ಉಪಾಯವಿಲ್ಲ ಎಂದು ಅವನ ಯಂತ್ರವೇ ಹೇಳುತ್ತಿತ್ತು.

ಮಾರನೆಯ ದಿನ ಲ್ಯಾಬಿನಿಂದ ಒಂದು ಹಳೆಯ ಕ್ಲಿಪ್ಪು ತಂದ. ‘ಯಪ್ಪಾ’ ಎಂದರೆ ಕರೆಂಟು ಏರಿಸಿದ. ಅವಳು ಮಡಿಲಿಗೆ ಬರಲು ಹೋದರೆ ಕೈಯಿಂದ ದೂಡಿದ. ಅಳು ಕೇಳಿ ಪಕ್ಕದ ಮನೆಯ ರೇಣವ್ವ ಬಂದು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ರೇಣವ್ವನ ಗಂಡ ಕೆಂಪು ದೀಪಕ್ಕೆ ಸಿಕ್ಕು ಹೋಗಿದ್ದ, ಅವಳು ಯಾರನ್ನೂ ಬೈಯುವ ಸ್ಥಿತಿಯಲ್ಲಿ ಇರಲಿಲ್ಲ. “ಕಲೀ ನನ ಬಂಗಾರಾ, ಲಗೂನ ಕಲೀ,” ಎನ್ನುತ್ತಿದ್ದಳು. ಎಣ್ಣೆ ಹಚ್ಚಿ ಮುಗಿಯುವ ತನಕ ನಿಜಗುಣ ಹಿತ್ತಲಿನಲ್ಲಿ ನಿಲ್ಲುತ್ತಿದ್ದ.

ಇನ್ನೊಂದು ಕಂಟಕವಿತ್ತು. ಬೇರೆ ಶಾಲೆಗಳಲ್ಲಿ ಪಡೆಯವರು ಮಕ್ಕಳನ್ನು ಮುದ್ದು ಮಾಡಿ, ‘ಯಪ್ಪಾ ಅನ್ನು ಪುಟ್ಟಾ’ ಎಂದು ನಯವಾಗಿ ಹೇಳಿ, ಆಮೇಲೆ ಕರೆಂಟು ಬಿಡುತ್ತಿದ್ದರಂತೆ. ಎಷ್ಟೋ ಮಕ್ಕಳು ಅಲ್ಲೇ ಜಾರಿದ್ದರು. ಆದ್ದರಿಂದ ನಿಜಗುಣ ಇದನ್ನೂ ಕಲಿಸಿದ.

“ಯಾರರ ಯಪ್ಪಾ ಅನ್ನು ಅಂದ್ರ ಅದು ಪರೀಕ್ಷೆ. ತಿಳೀತಾ? ಬಾಯಿ ಗಟ್ಟಿ ಮುಚ್ಚು. ಬಾಯಿಗೆ ಬಂದದ್ದನ್ನ ನುಂಗು.”

“ನೀ ಅಂದ್ರ?”

“ನಾ ಅಂದ್ರೂ ಅಷ್ಟ. ನಾ ಎಷ್ಟು ಅತ್ತು ಕೇಳಿದ್ರೂ ಬಾಯಿ ತೆಗೀಬಾರದು.”

ಇದನ್ನೂ ಮಾಡಿಸಿಯೇ ನೋಡಿದ. ಮಂಡಿಯೂರಿ, ಕಣ್ಣಲ್ಲಿ ನೀರು ತಂದುಕೊಂಡು, “ಯಪ್ಪಾ ಅನ್ನವ್ವಾ, ಒಂದ ಸಲ,” ಎಂದು ಬೇಡುತ್ತಿದ್ದ. ಮೊದಮೊದಲು ಪಾರಿ ಕರಗಿ, ಕರೆದು, ಕರೆಂಟಿಗೆ ಸಿಕ್ಕಳು. ಆಮೇಲೆ ಸಿಕ್ಕಲಿಲ್ಲ. ತುಟಿ ಬಿಗಿದು, ಅವನ ಮುಖ ಬಿಟ್ಟು ಅವನ ಕೈಯನ್ನೇ ನೋಡುತ್ತ ಕೂರುತ್ತಿದ್ದಳು. ಕಣ್ಣೀರು ತರಿಸಿಕೊಳ್ಳಲು ನಿಜಗುಣ ಕಷ್ಟಪಡಬೇಕಾಗಿರಲಿಲ್ಲ.

ಪರೀಕ್ಷೆ ಶಾಲೆಯ ಊಟದ ಹಾಲಿನಲ್ಲಿ ನಡೆಯಿತು. ಯಂತ್ರದ ಎಂಜಿನಿಯರ್ ಎಂದು ನಿಜಗುಣ ಗೋಡೆಯ ಬದಿಗೆ ನಿಲ್ಲಬೇಕಾಯಿತು. ಕ್ಲಿಪ್ಪು ಹಾಕುತ್ತಿದ್ದವನು ತೋಟೇಂದ್ರ, ಮಕ್ಕಳ ವಿಷಯವೆಂದು ತಾನೇ ಬಂದಿದ್ದ. ಪಾರಿಗಿಂತ ಮುಂಚೆ ಅವಳ ಬೆಂಚಿನ ಗೆಳತಿ ನೀಲಾ ಕೂತಳು. ಹಸಿರು ಬಂತು. ನೀಲಾಳಿಗೂ ಪಾರಿಗೂ ನಡುವೆ ಇದ್ದ ಇನ್ನೊಬ್ಬ ಹುಡುಗಿಗೆ ಕೆಂಪು ಬಂತು. ಆ ಮಗುವನ್ನು ಎರಡನೆಯ ಬಾಗಿಲಿನಿಂದ ಕರೆದುಕೊಂಡು ಹೋದರು. ಹೊರಗೆ ಯಾವುದೋ ಹೆಂಗಸಿನ ಅರಚಾಟ ಕೇಳಿ, ನಿಂತೂ ಹೋಯಿತು.

ತೋಟೇಂದ್ರ ಪಾರಿಯ ಗಲ್ಲ ಹಿಡಿದು ಗೋಡೆಯ ಕಡೆ ತಿರುಗಿಸಿದ. “ಅಲ್ಲಿ ನೋಡು, ನಿಮ್ಮಪ್ಪ ನಿಂತಾನ. ಕರಿ. ಯಪ್ಪಾ ಅನ್ನು, ಓಡಿ ಬರ್ತಾನ.”

ಪಾರಿ ತುಟಿ ಬಿಗಿದಳು. ಕ್ಲಿಪ್ಪು ಕಚ್ಚಿತು. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದನ್ನು ನಿಜಗುಣ ಕಂಡ. ಆಮೇಲೆ ‘ಯವ್ವಾ’ ಎಂದಳು. ಅಂಬುಜಾಬಾಯಿಯ ರೆಕಾರ್ಡಿನದೇ ಕೂಗು, ಕೂದಲೆಳೆ ಆಚೆ ಈಚೆ ಇಲ್ಲ. ಹಸಿರು ದೀಪ ಹತ್ತಿತು. ತೋಟೇಂದ್ರ ಅವಳ ಕೈಗೆ ಪೆಪ್ಪರಮಿಂಟು ಕೊಟ್ಟು, “ನಮ್ಮ ಹುಡುಗಿ,” ಎಂದ.

ಮನೆಯ ದಾರಿಯಲ್ಲಿ ನಿಜಗುಣ ಅವಳನ್ನು ಎತ್ತಿಕೊಂಡ. ಅವಳು ಎತ್ತಿಸಿಕೊಂಡಳು, ಅಷ್ಟೇ. “ಮುಗೀತವ್ವಾ. ಇನ್ನ ಎಂದೂ ಚೂಟೂದಿಲ್ಲ. ಕ್ಲಿಪ್ ಹೊಳ್ಯಾಗ ಒಗೀತೀನಿ. ಈಗ ಅಪ್ಪಾ ಅನ್ನು.”

ಪಾರಿ ಬಾಯಿ ಮುಚ್ಚಿಕೊಂಡಳು.

ದಿನಗಳು ಹೋದವು. ಅವಳು ಉಂಡಳು, ಶಾಲೆಗೆ ಹೋದಳು, ನೀಲಾಳ ಜೊತೆ ಕುಂಟಾಬಿಲ್ಲೆ ಆಡಿದಳು. ಅವನನ್ನು ಮಾತ್ರ ಏನೂ ಎಂದು ಕರೆಯಲಿಲ್ಲ. ಅನ್ನ ಬೇಕಾದರೆ ತಟ್ಟೆ ಮುಂದೆ ತಳ್ಳುತ್ತಿದ್ದಳು. ಕಟ್ಟೆಯಿಂದ ಬಿದ್ದು ಮೊಣಕೈ ಒಡೆದಾಗ ‘ಯವ್ವಾ’ ಎಂದಳು. ಓಡಿ ಬಂದವನ ಕೈಯಲ್ಲಿ ಏನಿದೆ ಎಂದು ನೋಡಿ, ಹಿಂದೆ ಸರಿದಳು. ಬದುಕಿದ್ದಾಳಲ್ಲ ಎಂದು ನಿಜಗುಣ ತನಗೆ ತಾನೇ ಹೇಳಿಕೊಂಡ. ಬದುಕಿದ್ದರೆ ಎಂದಾದರೂ ಕರೆದಾಳು. ಅವನು ತಪ್ಪು ಮಾಡಿದ ಎಂದು ಹೇಳುವ ಬಾಯಿ ನನಗೂ ಇಲ್ಲ.

ತೋಪಿನ ಗುಂಡುಗಳು ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೋದ ಮೇಲೆ ಬಿದ್ದವು. ಆಚೆದಂಡೆಯವರು ಗುರಿಯಿಟ್ಟದ್ದು ಪಡೆಯ ಕಚೇರಿಗೆ ಎಂದು ಆಮೇಲೆ ಅವರ ರೇಡಿಯೊ ಹೇಳಿತು. ಬಿದ್ದದ್ದು ಶಾಲೆಯ ಮೇಲೆ. ಎರಡು ಅಂತಸ್ತಿನ ಕಟ್ಟಡ ತನ್ನ ಮೇಲೇ ತಾನು ಕೂತುಕೊಂಡಿತು. ನಿಜಗುಣ ಲ್ಯಾಬಿನಿಂದ ಓಡಿ ಬಂದಾಗ ಧೂಳು ಇನ್ನೂ ಇಳಿದಿರಲಿಲ್ಲ. ಅವಶೇಷಗಳ ಅಡಿಯಿಂದ ಮಕ್ಕಳ ಕೂಗು ಬರುತ್ತಿತ್ತು.

‘ಯವ್ವಾ.’ ಎಡದಿಂದ, ಬಲದಿಂದ, ಕಾಲ ಕೆಳಗಿನಿಂದ. ‘ಯವ್ವಾ.’ ‘ಯವ್ವಾ.’ ಎಲ್ಲವೂ ಒಂದೇ ರಾಗ, ಒಂದೇ ಏರು, ಒಂದೇ ನಿಲುಗಡೆ. ನೂರು ಮಕ್ಕಳನ್ನು ಒಬ್ಬಳೇ ಟೀಚರ್ ಒಂದೇ ಪದ್ಯ ಬಾಯಿಪಾಠ ಮಾಡಿಸಿದ ಹಾಗೆ. ಸುತ್ತ ನಿಂತ ತಾಯಂದಿರು ಒಂದೊಂದು ಕೂಗಿಗೂ ‘ನಮ್ಮದು, ನಮ್ಮದು’ ಎಂದು ಅತ್ತ ಇತ್ತ ಓಡುತ್ತಿದ್ದರು. ಯಾರದು ಯಾವುದು ಎಂದು ಹೆತ್ತವರಿಗೇ ತಿಳಿಯಲಿಲ್ಲ. ತೋಟೇಂದ್ರ ಜೀಪಿನಿಂದ ಪೆಟ್ಟಿಗೆ ಇಳಿಸಿ, ಅದರ ಪಟ್ಟಿಯನ್ನು ಕಾಂಕ್ರೀಟಿನ ಮೇಲೆ ಹಾಸಿ, ಹಸಿರು ದೀಪ ಹತ್ತುತ್ತಲೇ ಇರುವುದನ್ನು ನೋಡುತ್ತ ಕಣ್ಣೊರೆಸಿಕೊಂಡ. “ಎಲ್ಲಾ ನಮ್ಮವ,” ಎಂದ. “ಒಂದೂ ಕೆಂಪಿಲ್ಲ ನೋಡ್ರಿ.”

ಇದ್ದದ್ದು ಒಂದೇ ಜೆಸಿಬಿ. ಅದನ್ನು ತಂದಿದ್ದ ಮೇಸ್ತ್ರಿ ಯಮನೂರಪ್ಪ ಮೊದಲೇ ಹೇಳಿಬಿಟ್ಟ. “ಸಪ್ಪಳ ಇದ್ದಲ್ಲಿ ತೋಡ್ತೀವ್ರಿ. ಸಪ್ಪಳ ಇಲ್ಲದಲ್ಲಿ ನಿಲ್ಲೂದಿಲ್ಲ. ಗ್ವಾಡಿ ಕುಸ್ಯಾಕತ್ತಾವ.”

ಎರಡನೆಯ ಇಯತ್ತೆ ಪಡುವಣ ಮೆಟ್ಟಿಲ ಹತ್ತಿರ ಇತ್ತು. ನಿಜಗುಣ ಅಲ್ಲಿಗೆ ಹತ್ತಿ ಹೋಗಿ, ಕಾಂಕ್ರೀಟಿನ ಸಂದಿಗೆ ಬಾಯಿ ಹಚ್ಚಿ, “ಪಾರೀ!” ಎಂದ. ಒಳಗಿನಿಂದ ‘ಯವ್ವಾ’ ಬಂತು. ಒಂದು ದನಿಯೋ ಎರಡೋ, ಅವನಿಗೆ ಗೊತ್ತಾಗಲಿಲ್ಲ. ಅದು ಪಾರಿಯದೇ ಎಂದು ತಿಳಿಯುವ ಬಗೆ ಒಂದೇ ಇತ್ತು. ಪಡೆಯವರು ಕೇಳುತ್ತಾರೆ ಎಂಬ ಹೆದರಿಕೆಯೂ ಅವನಿಗೆ ನೆನಪಾಗಲಿಲ್ಲ.

“ಪಾರೀ, ನಾನವ್ವಾ, ನಿಮ್ಮಪ್ಪ! ಯಪ್ಪಾ ಅನ್ನು! ಒಂದ ಸಲ ಯಪ್ಪಾ ಅನ್ನು, ತೆಗಸ್ತೀನಿ!”

ತೋಟೇಂದ್ರ ತಿರುಗಿ ನೋಡಿದ. ಸಂದಿಯೊಳಗಿನಿಂದ ಒಂದು ‘ಯವ್ವಾ’ ಬಂತು, ಮತ್ತೊಂದು ‘ಯವ್ವಾ’ ಬಂತು. ಯಮನೂರಪ್ಪನ ಹುಡುಗರು ಅಲ್ಲೇ ಅಗೆದರು. ಕಾಲು ಹಿಡಿದು ಹೊರಗೆ ಎಳೆದದ್ದು ನೀಲಾಳನ್ನು. ಹೊರಗೆ ಬಂದದ್ದೇ ಅವಳಿಗೆ ಎಚ್ಚರ ತಪ್ಪಿತು. ಅವಳ ಹಿಂದೆ ಬಿದ್ದ ಗೋಡೆ ಅಡ್ಡವಾಗಿತ್ತು.

ನಿಜಗುಣ ಆ ತೂತಿನಲ್ಲಿ ಅರ್ಧ ಮೈ ತೂರಿಸಿದ. “ಪಾರೀ! ಯಪ್ಪಾ ಅನ್ನವ್ವಾ! ನಿನ್ನ ಕಾಲಿಗೆ ಬೀಳ್ತೀನಿ, ಯಪ್ಪಾ ಅನ್ನು!” ಅಳುತ್ತಲೇ ಇನ್ನೂ ಬೇಡಿದ. ಉಸಿರು ಹಿಡಿದು ಕೇಳಿದ. ಒಳಗೆ ಸಪ್ಪಳವಿಲ್ಲ.

“ಇಲ್ಲಿ ಮತ್ತ ಯಾರರ ಅದಾರೇನ್ರಿ?” ಮೇಲಿನಿಂದ ಯಮನೂರಪ್ಪ ಕೂಗಿದ. “ಲಗೂ ಹೇಳ್ರಿ. ಮೂಡಣ ಕಡೆ ಭಾಳ ಒದರಾಕತ್ತಾವ.”

ಮೂಡಣ ಕಡೆಯಿಂದ ‘ಯವ್ವಾ’ಗಳು ಒಂದರ ಮೇಲೊಂದು ಬರುತ್ತಿದ್ದವು. ಅವುಗಳಲ್ಲಿ ಒಂದು ಅವಳದು ಇದ್ದೀತು ಎಂದು ಅವನಿಗೆ ಆಸೆಯಾಯಿತು.

“ಇಲ್ರಿ,” ಎಂದ ನಿಜಗುಣ. “ಇಲ್ಲಿದ್ದಿದ್ರ ಓ ಅಂತಿದ್ಲು. ಆ ಕಡೆ ನಡೀರಿ.”

ಜೆಸಿಬಿಯನ್ನು ಅವನೇ ಕೈ ಬೀಸಿ ತಿರುಗಿಸಿದ. ಮೂಡಣ ಕಡೆ ಕೆಲವು ಮಕ್ಕಳು ಬದುಕಿ ಉಳಿದರು. ಬೇರೆಯವರ ಮಕ್ಕಳು.

ಪಾರಿ ಮರುದಿನ ಸಿಕ್ಕಳು, ನೀಲಾಳನ್ನು ಎಳೆದ ತೂತಿನ ಹಿಂದೆ, ಅಡ್ಡ ಬಿದ್ದ ಗೋಡೆಯ ಆಚೆ ಬದಿಗೆ. ಮೈಮೇಲೆ ದೊಡ್ಡ ಗಾಯ ಇರಲಿಲ್ಲ. ಸಂಜೆಯ ತನಕ ಜೀವ ಇದ್ದಿರಬೇಕು, ಗಾಳಿ ಸಾಲದೆ ಹೋಗಿದ್ದಾಳೆ ಎಂದರು ಡಾಕ್ಟರು. ಮೂಲಪಡೆ ಶವಪೆಟ್ಟಿಗೆಗೆ ಮಣ್ಣು ಬಣ್ಣದ ಬಟ್ಟೆ ಹೊದಿಸಿತು. ತಾಯಿನೆಲದ ಮಗಳು ಎಂದು ತೋಟೇಂದ್ರ ಭಾಷಣ ಮಾಡಿದ. ನಾವು ಚಪ್ಪಾಳೆ ತಟ್ಟಿದೆವು.

ನೀಲಾಳಿಗೆ ಎಚ್ಚರವಾಯಿತೆಂದು ಕೇಳಿ ನಿಜಗುಣ ಆಸ್ಪತ್ರೆಗೆ ಹೋದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳ ಹೊದಿಕೆ ಸರಿಮಾಡಿದ. ಹುಡುಗಿಯೇ ಮಾತಾಡಿದಳು.

“ಪಾರಿ ಗ್ವಾಡಿ ಆಚೀ ಕಡೆ ಇದ್ಲ್ರೀ ಕಾಕಾ. ಇಬ್ಬರೂ ಯವ್ವಾ ಯವ್ವಾ ಅಂತ ಒದರಾಕತ್ತಿದ್ವಿ. ನೀವು ಬಂದು ಯಪ್ಪಾ ಅನ್ನು ಅಂದ್ರಲ್ರಿ, ಆವಾಗ ಅಕೀ ಬಾಯಿ ಮುಚ್ಚಿಬಿಟ್ಲು. ‘ಸುಮ್ಮನಿರಲೇ ನೀಲಾ, ನಮ್ಮಪ್ಪ ಪರೀಕ್ಷೆ ಮಾಡಾಕತ್ತಾನ’ ಅಂದ್ಲು.” ಅವಳು ಗೋಡೆಯ ಕಡೆ ಹೊರಳಿದಳು. “ನಾ ಸುಮ್ಮನಿರಲಿಲ್ರಿ.”